ಮಲದ ತೂಕ ನೋಡಿದ ಸರ್ಜನ್: ಡೆನಿಸ್ ಬರ್ಕಿಟ್, ನಾರಿನಂಶ, ಆಸ್ಪಿರಿನ್ ಮತ್ತು ಕರುಳಿನ ಕ್ಯಾನ್ಸರ್

ದಿನಕ್ಕೊಂದು ಆಸ್ಪಿರಿನ್ ನುಂಗಿದರೆ ಕರುಳಿನ ಕ್ಯಾನ್ಸರ್ ಹತ್ತಿರ ಸುಳಿಯುವುದಿಲ್ಲ ಎನ್ನುವ ಮೆಸೇಜ್ ನಿಮಗೂ ಬಂದಿರಬಹುದು. ರಾಗಿ, ಸಿರಿಧಾನ್ಯ, ಸೊಪ್ಪು ತಿನ್ನುವವರಿಗೆ ಆ ಕಾಯಿಲೆ ಬರುವುದೇ ಇಲ್ಲ ಎನ್ನುವ ಮೆಸೇಜ್ ಕೂಡ ನೋಡಿರಬಹುದು. ಎರಡೂ ಪೂರ್ತಿ ಸುಳ್ಳಾಗಿದ್ದರೆ ನಮ್ಮ ಕೆಲಸ ಸುಲಭವಿತ್ತು. ಆದರೆ ಎರಡರಲ್ಲೂ ಸ್ವಲ್ಪ ನಿಜವಿದೆ. ಎಷ್ಟು ನಿಜ, ಯಾರ ಮಟ್ಟಿಗೆ ನಿಜ ಎಂದು ತಿಳಿಯಲು ಡೆನಿಸ್ ಬರ್ಕಿಟ್ ಎಂಬ ಐರಿಷ್ ಸರ್ಜನ್ ಬದುಕನ್ನು ನೋಡಬೇಕು. ಊಟದಲ್ಲಿ ನಾರಿನಂಶ ಇರಬೇಕು ಎಂಬ ಮಾತನ್ನು ಜನರ ಬಾಯಿಗೆ ತಂದವರಲ್ಲಿ ಅವರು ಪ್ರಮುಖರು. ಅವರ ಹೆಸರು ಗೊತ್ತಿಲ್ಲದವರೂ ಅವರ ಮಾತನ್ನೇ ಇವತ್ತು ಫಾರ್ವರ್ಡ್ ಮಾಡುತ್ತಿದ್ದಾರೆ.

ಒಂದೇ ಕಣ್ಣಿನ ಡಾಕ್ಟರ್

ಬರ್ಕಿಟ್ ಹುಟ್ಟಿದ್ದು 1911ರ ಫೆಬ್ರವರಿ 28ರಂದು, ಇಂದಿನ ಉತ್ತರ ಐರ್ಲೆಂಡಿನ ಎನ್ನಿಸ್ಕಿಲನ್‌ನಲ್ಲಿ. ತಂದೆ ಕೌಂಟಿ ಸರ್ವೇಯರ್ ಆಗಿದ್ದ ಎಂಜಿನಿಯರ್. ಬಿಡುವಿದ್ದಾಗ ಅವರು ಮನೆಯ ಸುತ್ತಲಿನ ರಾಬಿನ್ ಹಕ್ಕಿಗಳ ಕಾಲಿಗೆ ಲೋಹದ ಉಂಗುರ ತೊಡಿಸಿ, ಯಾವ ಹಕ್ಕಿಯ ಜಾಗ ಎಲ್ಲಿಂದ ಎಲ್ಲಿಯವರೆಗೆ ಎಂದು ನಕ್ಷೆ ಬರೆಯುತ್ತಿದ್ದರು. ಹಕ್ಕಿಗಳನ್ನು ಅಧ್ಯಯನ ಮಾಡುವವರು ಆ ಕೆಲಸವನ್ನು ಇಂದಿಗೂ ನೆನೆಯುತ್ತಾರೆ. ಮಗನೂ ಮುಂದೆ ನಕ್ಷೆಗಳನ್ನೇ ಬರೆದರು, ಆದರೆ ಕಾಯಿಲೆಗಳ ನಕ್ಷೆ.

ಹನ್ನೊಂದನೇ ವಯಸ್ಸಿನಲ್ಲಿ ಹುಡುಗರ ಕಲ್ಲೆಸೆತದ ಜಗಳದಲ್ಲಿ ಒಂದು ಕಲ್ಲು ಬರ್ಕಿಟ್ ಕನ್ನಡಕಕ್ಕೆ ಬಡಿಯಿತು. ಗಾಜಿನ ಚೂರು ಹೊಕ್ಕು ಬಲಗಣ್ಣು ಹೋಯಿತು. ಡಬ್ಲಿನ್‌ನ ಟ್ರಿನಿಟಿ ಕಾಲೇಜಿಗೆ ಸೇರಿದ್ದು ಎಂಜಿನಿಯರಿಂಗ್ ಓದಲು. ಆದರೆ ಅಲ್ಲಿ ಕ್ರೈಸ್ತ ಧರ್ಮದ ಮೇಲಿನ ನಂಬಿಕೆ ಗಟ್ಟಿಯಾಗಿ, ಜನರ ಸೇವೆಗೆ ವೈದ್ಯಕೀಯವೇ ಸರಿ ಎಂದುಕೊಂಡು ಕೋರ್ಸ್ ಬದಲಿಸಿದರು. 1935ರಲ್ಲಿ ಡಾಕ್ಟರ್, 1938ರಲ್ಲಿ ಸರ್ಜನ್. ಆಫ್ರಿಕಾದಲ್ಲಿ ಕೆಲಸ ಬೇಕೆಂದು ವಸಾಹತು ಸೇವೆಗೆ ಅರ್ಜಿ ಹಾಕಿದರೆ, ಒಂದೇ ಕಣ್ಣಿನವರು ಬೇಡ ಎಂದು ತಿರಸ್ಕರಿಸಿದರು. ಎರಡನೇ ಮಹಾಯುದ್ಧದಲ್ಲಿ ಸೇನೆಯ ಡಾಕ್ಟರಾಗಿ ಪೂರ್ವ ಆಫ್ರಿಕಾವನ್ನು ಕಂಡಮೇಲೆ ಮತ್ತೆ ಪ್ರಯತ್ನಿಸಿದರು. 1946ರಲ್ಲಿ ಉಗಾಂಡಾದಲ್ಲಿ ಕೆಲಸ ಸಿಕ್ಕಿತು.

ಮೊದಲ ಪೋಸ್ಟಿಂಗ್ ಉತ್ತರ ಉಗಾಂಡಾದ ಲೀರಾ. ಇಲ್ಲಿ ಒಂದು ವಿಷಯ ಹೇಳಲೇಬೇಕು. ಲೀರಾ ಇರುವುದು ಲಾಂಗೊ ಜನರ ಸೀಮೆಯಲ್ಲಿ, ಅಲ್ಲಿನ ಜನರ ಹಳೆಯ ಊಟ ರಾಗಿ. ಬೇರೆ ಯಾವುದೋ ಕಾಳಲ್ಲ, ನಮ್ಮ ರಾಗಿಯೇ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು, ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ನಮ್ಮ ಕಡೆಗೆ ಬಂತು. ಲಾಂಗೊ ಮನೆಗಳಲ್ಲಿ ಕುದಿಯುವ ನೀರಿಗೆ ಹಿಟ್ಟು ಹಾಕಿ, ಕೋಲಿನಿಂದ ತಿರುವಿ, ಗಟ್ಟಿ ಮಾಡಿ, ಕೈಯಲ್ಲಿ ಮುರಿದು ಸಾರಿಗೆ ಅದ್ದಿ ತಿನ್ನುತ್ತಾರೆ. ಮಂಡ್ಯ, ಹಾಸನದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬರ್ಕಿಟ್ ಇಪ್ಪತ್ತೈದು ವರ್ಷಗಳ ನಂತರ ಜಗತ್ತಿಗೆ ಸಾರಿದ ಊಟದ ಮಾದರಿಗಳಲ್ಲಿ ಇದೂ ಒಂದು.

ಲೀರಾದಲ್ಲಿದ್ದಾಗಲೇ ಅವರ ನಕ್ಷೆಯ ಚಟ ಶುರುವಾಯಿತು. ವೃಷಣದ ಸುತ್ತ ನೀರು ತುಂಬುವ ಹೈಡ್ರೋಸಿಲ್ ತೊಂದರೆಯಿಂದ ಬರುವ ಗಂಡಸರು ಜಿಲ್ಲೆಯ ಒಂದು ಕಡೆಯಿಂದಲೇ ಹೆಚ್ಚು ಬರುತ್ತಿದ್ದಾರೆ ಎಂದು ಅವರಿಗೆ ಅನಿಸಿತು. ಲೆಕ್ಕ ಹಾಕಿದರೆ ಅದು ನಿಜವಾಗಿತ್ತು. ಆಪರೇಷನ್ ಮಾಡಿ ಸುಮ್ಮನಾಗುವ ಸರ್ಜನ್ ಆಗಿದ್ದರೆ ರೋಗಿಯ ಊರು ಕೇಳುತ್ತಿರಲಿಲ್ಲ. ಇವರು ಕೇಳಿದರು.

ಮಕ್ಕಳ ದವಡೆಯ ಗಡ್ಡೆ

1957ರಲ್ಲಿ ಕಂಪಾಲಾದ ಮುಲಾಗೊ ಆಸ್ಪತ್ರೆಯಲ್ಲಿ ಸಹೋದ್ಯೋಗಿ ಹ್ಯೂ ಟ್ರೋವೆಲ್ ಐದು ವರ್ಷದ ಒಬ್ಬ ಹುಡುಗನನ್ನು ತೋರಿಸಿದರು. ಮೇಲಿನ, ಕೆಳಗಿನ ದವಡೆ ಎರಡೂ ಬದಿಯಲ್ಲಿ ಊದಿ, ಮುಖವೇ ವಿಕಾರವಾಗಿತ್ತು. ಸೋಂಕು ಎನ್ನೋಣವೆಂದರೆ ಒಂದೇ ಸಲ ನಾಲ್ಕು ಕಡೆ ಹೇಗೆ? ಕ್ಯಾನ್ಸರ್ ಎನ್ನೋಣವೆಂದರೂ ಅದೇ ಪ್ರಶ್ನೆ. ಕೆಲವು ವಾರಗಳ ನಂತರ ಜಿಂಜಾ ಆಸ್ಪತ್ರೆಗೆ ಹೋದಾಗ ಅಂಥದೇ ಇನ್ನೊಂದು ಮಗು ಕಣ್ಣಿಗೆ ಬಿತ್ತು. ಪರೀಕ್ಷಿಸಿದಾಗ ಆ ಮಗುವಿನ ಹೊಟ್ಟೆಯಲ್ಲೂ ಗಡ್ಡೆಯಿತ್ತು. ಬರ್ಕಿಟ್ ಆಸ್ಪತ್ರೆಯ ಹಳೆಯ ದಾಖಲೆಗಳನ್ನು ತೆಗೆಸಿ ನೋಡಿದರು. ಬೇರೆ ಬೇರೆ ಹೆಸರಿನಲ್ಲಿ ಬರೆದಿಟ್ಟಿದ್ದ ಮಕ್ಕಳ ಗಡ್ಡೆಗಳು ಒಂದೇ ಕಾಯಿಲೆಯ ಹಲವು ಮುಖಗಳು ಎಂದು 1958ರಲ್ಲಿ ಪ್ರಕಟಿಸಿದರು. ಇಂದು ಅದರ ಹೆಸರು ಬರ್ಕಿಟ್ ಲಿಂಫೋಮಾ.

ನಂತರದ ಪ್ರಶ್ನೆ: ಈ ಕಾಯಿಲೆ ಎಲ್ಲಿ ಇದೆ, ಎಲ್ಲಿ ಇಲ್ಲ? ಆಫ್ರಿಕಾದ ಆಸ್ಪತ್ರೆಗಳಿಗೆ ಫೋಟೋ ಸಹಿತ ಪತ್ರ ಕಳಿಸಿ ವಿಚಾರಿಸಿದರು. 1961ರಲ್ಲಿ ಇಬ್ಬರು ಮಿಷನರಿ ಡಾಕ್ಟರ್ ಗೆಳೆಯರ ಜೊತೆ ಹಳೆಯ ಫೋರ್ಡ್ ಗಾಡಿಯಲ್ಲಿ ಕಂಪಾಲಾದಿಂದ ದಕ್ಷಿಣ ಆಫ್ರಿಕಾದವರೆಗೆ ಹೋಗಿಬಂದರು. ಹತ್ತು ವಾರ, ಸುಮಾರು 10,000 ಮೈಲಿ, ದಾರಿಯುದ್ದಕ್ಕೂ ಆಸ್ಪತ್ರೆಗಳು. ಮಳೆ ಚೆನ್ನಾಗಿ ಬೀಳುವ, ಚಳಿ ಹೆಚ್ಚಿಲ್ಲದ ಸೀಮೆಯಲ್ಲೇ ಈ ಗಡ್ಡೆ ಎಂದು ನಕ್ಷೆ ತೋರಿಸಿತು. ಅದು ಬಹುಮಟ್ಟಿಗೆ ಮಲೇರಿಯಾದ ಸೀಮೆಯೂ ಹೌದು. ಆ ಪ್ರಯಾಣಕ್ಕೆ ಮೊದಲು ಲಂಡನ್ನಿನಲ್ಲಿ ಬರ್ಕಿಟ್ ಮಾಡಿದ ಭಾಷಣ ಕೇಳಿದ ಆಂಟನಿ ಎಪ್‌ಸ್ಟೈನ್, ಗಡ್ಡೆಯ ತುಣುಕುಗಳನ್ನು ವಿಮಾನದಲ್ಲಿ ತರಿಸಿಕೊಂಡು, 1964ರಲ್ಲಿ ಅದರೊಳಗೆ ಒಂದು ಹೊಸ ವೈರಸ್ ಇರುವುದನ್ನು ತಮ್ಮ ಸಹೋದ್ಯೋಗಿಗಳೊಂದಿಗೆ ತೋರಿಸಿದರು. ಮನುಷ್ಯರಲ್ಲಿ ಕ್ಯಾನ್ಸರ್‌ಗೆ ಸಂಬಂಧಪಟ್ಟದ್ದು ಎಂದು ಗೊತ್ತಾದ ಮೊದಲ ವೈರಸ್ ಅದು.

ಇಷ್ಟೇ ಆಗಿದ್ದರೂ ಬರ್ಕಿಟ್ ಹೆಸರು ಉಳಿಯುತ್ತಿತ್ತು. ಆದರೆ ನಮ್ಮ ವಿಷಯ ಶುರುವಾಗುವುದು ಇಲ್ಲಿಂದ. ಊರು, ಕಾಯಿಲೆ, ನಕ್ಷೆ ಇವನ್ನು ಹೊಂದಿಸಿ ಕಾರಣ ಹುಡುಕುವ ವಿಧಾನ ಒಂದು ಸಲ ದೊಡ್ಡದಾಗಿ ಫಲ ಕೊಟ್ಟಿತ್ತು. ಅದನ್ನೇ ಅವರು ಕರುಳಿನ ಮೇಲೂ ಪ್ರಯೋಗಿಸಿದರು.

ಮಲದ ಲೆಕ್ಕ

1966ರಲ್ಲಿ ಬರ್ಕಿಟ್ ಬ್ರಿಟನ್ನಿಗೆ ಮರಳಿದರು. ಸ್ವಲ್ಪ ದಿನಗಳಲ್ಲೇ ನೌಕಾಪಡೆಯ ಡಾಕ್ಟರ್ ಪೀಟರ್ ಕ್ಲೀವ್ ಪರಿಚಯವಾಯಿತು. ಶ್ರೀಮಂತ ದೇಶಗಳ ಹಲವು ಕಾಯಿಲೆಗಳಿಗೆ ಬಿಳಿ ಸಕ್ಕರೆ ಮತ್ತು ಬಿಳಿ ಹಿಟ್ಟೇ ಕಾರಣ ಎಂಬುದು ಕ್ಲೀವ್ ವಾದ. ಬರ್ಕಿಟ್‌ಗೆ ಥಟ್ಟನೆ ಉಗಾಂಡಾ ನೆನಪಾಯಿತು. ಅಲ್ಲಿ ಇಷ್ಟು ವರ್ಷ ಹೊಟ್ಟೆ ಕೊಯ್ದಿದ್ದರೂ ದೊಡ್ಡ ಕರುಳಿನ ಕ್ಯಾನ್ಸರ್ ಕಂಡದ್ದು ಬಹಳ ಅಪರೂಪ. ಅಪೆಂಡಿಸೈಟಿಸ್, ಪಿತ್ತಕೋಶದ ಕಲ್ಲು ಕೂಡ ಅಪರೂಪ. ಬ್ರಿಟನ್ನಿನಲ್ಲಿ ಇವೆಲ್ಲ ಸರ್ಜನ್‌ಗಳ ನಿತ್ಯದ ಕೆಲಸ. ಗಡ್ಡೆಯ ಕೆಲಸಕ್ಕಾಗಿ ಕಟ್ಟಿಕೊಂಡಿದ್ದ ಆಸ್ಪತ್ರೆಗಳ ಜಾಲಕ್ಕೆ ಈಗ ಹೊಸ ಪ್ರಶ್ನೆಪತ್ರ ಹೋಯಿತು: ಈ ಕಾಯಿಲೆಗಳನ್ನು ನೀವು ಎಷ್ಟು ಸಲ ನೋಡಿದ್ದೀರಿ?

ಸಕ್ಕರೆಗಿಂತ, ಹಿಟ್ಟನ್ನು ಬೀಸಿ ಜರಡಿ ಹಿಡಿದಾಗ ಹೊರಗೆ ಹೋಗುವ ತೌಡು, ನಾರು ಮುಖ್ಯ ಎಂದು ಬರ್ಕಿಟ್‌ಗೆ ಅನಿಸಿತು. ದಕ್ಷಿಣ ಆಫ್ರಿಕಾದ ಅಲೆಕ್ಸಾಂಡರ್ ವಾಕರ್, ಇಂಗ್ಲೆಂಡಿನ ನೀಲ್ ಪೇಂಟರ್ ಜೊತೆ ಸೇರಿ, ಯಾರೂ ಅಷ್ಟಾಗಿ ಅಳೆಯದ ಒಂದು ವಸ್ತುವನ್ನು ಅಳೆದರು. ಜನರಿಗೆ ಎಕ್ಸ್‌ರೇಯಲ್ಲಿ ಕಾಣುವ ಸಣ್ಣ ಗುಳಿಗೆಗಳನ್ನು ನುಂಗಿಸಿ, ಅವು ಹೊರಬರಲು ಎಷ್ಟು ಗಂಟೆ ಬೇಕು, ದಿನದ ಮಲ ಎಷ್ಟು ತೂಗುತ್ತದೆ ಎಂದು ನೋಡಿದರು. ಉಗಾಂಡಾದ ಹಳ್ಳಿಯವರಲ್ಲಿ ಸುಮಾರು ಒಂದೂವರೆ ದಿನ, ನಾನೂರು ಗ್ರಾಂಗಿಂತ ಹೆಚ್ಚು. ಬಿಳಿ ಬ್ರೆಡ್ ತಿನ್ನುವ ಬ್ರಿಟಿಷರಲ್ಲಿ ಮೂರು ದಿನಕ್ಕೂ ಹೆಚ್ಚು, ನೂರು ಗ್ರಾಂ ಆಸುಪಾಸು. 1972ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಈ ಲೆಕ್ಕ ಬಂತು.

ಅವರ ವಾದ ಸರಳ. ಮಲ ಕಡಿಮೆಯಿದ್ದು ನಿಧಾನವಾಗಿ ಸಾಗಿದರೆ ಕ್ಯಾನ್ಸರ್ ತರಬಲ್ಲ ವಸ್ತುಗಳು ಗಾಢವಾಗಿ, ಹೆಚ್ಚು ಹೊತ್ತು ಕರುಳಿನ ಗೋಡೆಗೆ ತಾಗಿಕೊಂಡಿರುತ್ತವೆ. ಹೆಚ್ಚಿದ್ದು ಬೇಗ ಹೋದರೆ ಅವು ತೆಳುವಾಗಿ, ಬೇಗ ಹೊರಬೀಳುತ್ತವೆ. ಭಾಷಣಗಳಲ್ಲಿ ಬರ್ಕಿಟ್ ಮಲದ ಫೋಟೋಗಳನ್ನೇ ಸ್ಲೈಡ್ ಮಾಡಿ ತೋರಿಸುತ್ತಿದ್ದರು. ಒಂದು ದೇಶದ ಮಲದ ಗಾತ್ರಕ್ಕೂ ಆಸ್ಪತ್ರೆಗಳ ಗಾತ್ರಕ್ಕೂ ತಮಾಷೆಯಾಗಿ ಗಂಟು ಹಾಕುತ್ತಿದ್ದರು. ಕುಕ್ಕರುಗಾಲಲ್ಲಿ ಕೂರುವ ಪದ್ಧತಿಯನ್ನೂ ಹೊಗಳುತ್ತಿದ್ದರು. ಸಭ್ಯರು ಬಾಯಿಬಿಡದ ವಿಷಯವನ್ನು ನಗಿಸುತ್ತಾ ಹೇಳಿದ್ದರಿಂದ ಮಾತು ದೂರದವರೆಗೆ ಹೋಯಿತು. 1979ರಲ್ಲಿ ಸಾಮಾನ್ಯ ಓದುಗರಿಗಾಗಿ ನಾರಿನ ಬಗ್ಗೆ ಪುಸ್ತಕ ಬರೆದರು. 1984ರಲ್ಲಿ ಅಮೆರಿಕದ ಕೆಲಾಗ್ ಕಂಪನಿ ತೌಡಿನ ತಿಂಡಿಯ ಡಬ್ಬಿಯ ಮೇಲೆಯೇ ನಾರಿನ ಊಟಕ್ಕೂ ಕ್ಯಾನ್ಸರ್ ತಡೆಗೂ ನಂಟು ಹೇಳತೊಡಗಿತು. ವಾಟ್ಸ್ಆ್ಯಪ್ ಇಲ್ಲದ ಕಾಲದ ಫಾರ್ವರ್ಡ್ ಎಂದರೆ ಇದೇ.

ನಕ್ಷೆ ಎಲ್ಲಿ ಎಡವುತ್ತದೆ?

ಉಗಾಂಡಾದ ಹಳ್ಳಿಯವರಿಗೂ ಲಂಡನ್ನಿನವರಿಗೂ ವ್ಯತ್ಯಾಸ ನಾರೊಂದರಲ್ಲೇ ಇರಲಿಲ್ಲ. ಹಳ್ಳಿಯವರು ದಿನವಿಡೀ ಮೈಬಗ್ಗಿಸಿ ದುಡಿಯುತ್ತಿದ್ದರು, ಮಾಂಸ ಕಡಿಮೆ ತಿನ್ನುತ್ತಿದ್ದರು, ಬೊಜ್ಜು ಇರಲಿಲ್ಲ. ದೊಡ್ಡ ಕರುಳಿನ ಕ್ಯಾನ್ಸರ್ ಹೆಚ್ಚಾಗಿ ಐವತ್ತು ದಾಟಿದವರಿಗೆ ಬರುವ ಕಾಯಿಲೆ, ಆಗಿನ ಉಗಾಂಡಾದಲ್ಲಿ ಆ ವಯಸ್ಸು ದಾಟುವವರೇ ಕಡಿಮೆ. ಕಾಯಿಲೆ ಬಂದರೂ ಆಸ್ಪತ್ರೆಗೆ ಬರದೆ, ಪತ್ತೆಯೂ ಆಗದೆ ಸತ್ತವರು ಲೆಕ್ಕಕ್ಕೆ ಸಿಗುವುದಿಲ್ಲ. ದವಡೆಯ ಗಡ್ಡೆ ಮಕ್ಕಳದ್ದು, ಮುಖದ ಮೇಲೇ ಕಾಣುವಂಥದ್ದು, ಹಾಗಾಗಿ ನಕ್ಷೆ ಕೆಲಸ ಮಾಡಿತು. ಕರುಳಿನ ಕ್ಯಾನ್ಸರ್ ಹೊಟ್ಟೆಯೊಳಗೆ ಅಡಗಿ, ನಿಧಾನವಾಗಿ ಬೆಳೆಯುತ್ತದೆ. ನಮ್ಮ ಅಜ್ಜ ಮುದ್ದೆ ತಿಂದು ತೊಂಬತ್ತು ಬದುಕಿದರು ಎನ್ನುವ ವಾದದಲ್ಲೂ ಇದೇ ತೊಡಕಿದೆ: ಮುದ್ದೆ ತಿಂದೂ ಬೇಗ ಹೋದವರನ್ನು ಯಾರೂ ಎಣಿಸಿರುವುದಿಲ್ಲ.

ಪರೀಕ್ಷೆಯ ಕಾಲವೂ ಬಂತು. 1999ರಲ್ಲಿ ಅಮೆರಿಕದ 88,757 ನರ್ಸ್‌ಗಳನ್ನು 16 ವರ್ಷ ಗಮನಿಸಿದ ಅಧ್ಯಯನ ಪ್ರಕಟವಾಯಿತು. ಹೆಚ್ಚು ನಾರು ತಿಂದವರಿಗೂ ಕಡಿಮೆ ತಿಂದವರಿಗೂ ಕರುಳಿನ ಕ್ಯಾನ್ಸರ್‌ನಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. 2000ದಲ್ಲಿ ಎರಡು ಪ್ರಯೋಗಗಳ ಫಲಿತಾಂಶ ಬಂತು. ಕರುಳಿನೊಳಗೆ ಕ್ಯಾನ್ಸರ್‌ಗೆ ಮುನ್ನ ಬೆಳೆಯುವ ಪಾಲಿಪ್ ಎಂಬ ಸಣ್ಣ ಗಂಟುಗಳನ್ನು ತೆಗೆಸಿಕೊಂಡವರಿಗೆ, ಒಂದರಲ್ಲಿ ಗೋಧಿ ತೌಡು, ಇನ್ನೊಂದರಲ್ಲಿ ಹಣ್ಣು ತರಕಾರಿ ಹೆಚ್ಚಿರುವ, ಕೊಬ್ಬು ಕಡಿಮೆಯಿರುವ ಊಟ ಕೊಟ್ಟು ಕೆಲವು ವರ್ಷ ನೋಡಿದರು. ಗಂಟುಗಳು ಮತ್ತೆ ಬರುವುದು ತಪ್ಪಲಿಲ್ಲ.

ಹಾಗಾದರೆ ಬರ್ಕಿಟ್ ಹೇಳಿದ್ದು ಸುಳ್ಳೇ? ಅಲ್ಲ. 2003ರಲ್ಲಿ ಯುರೋಪಿನ ಹತ್ತು ದೇಶಗಳ ಐದು ಲಕ್ಷಕ್ಕೂ ಹೆಚ್ಚು ಜನರ ಅಧ್ಯಯನದಲ್ಲಿ ನಾರು ಹೆಚ್ಚು ತಿಂದವರಿಗೆ ಅಪಾಯ ಕಡಿಮೆ ಕಂಡಿತು. 2011ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ದಿನಕ್ಕೆ 10 ಗ್ರಾಂ ನಾರು ಹೆಚ್ಚಾದರೆ ಅಪಾಯ ಸುಮಾರು ಶೇ. 10ರಷ್ಟು ಇಳಿಯುವುದು ಕಂಡಿತು. ಅದರಲ್ಲೂ ಇಡೀ ಧಾನ್ಯದ ನಾರಿನ ಲಾಭ ಸ್ಪಷ್ಟ. ಅಪಾಯ ಶೇ. 10 ಇಳಿಯುವುದು ಒಳ್ಳೆಯದೇ, ಆದರೆ ಕಾಯಿಲೆ ಬರುವುದೇ ಇಲ್ಲ ಎನ್ನುವುದಕ್ಕೂ ಅದಕ್ಕೂ ಬಹಳ ದೂರ.

ನಮಗೆ ಬಹಳ ಹಿಡಿಸಿದ್ದು 2015ರ ಒಂದು ಚಿಕ್ಕ ಪ್ರಯೋಗ. ಅಮೆರಿಕದ 20 ಮಂದಿ ಕಪ್ಪು ಜನರಿಗೆ ಎರಡು ವಾರ ದಕ್ಷಿಣ ಆಫ್ರಿಕಾದ ಹಳ್ಳಿಯ ಊಟ, ಹಳ್ಳಿಯ 20 ಮಂದಿಗೆ ಅಮೆರಿಕದ ಊಟ. ಅಮೆರಿಕದವರ ನಾರು ದಿನಕ್ಕೆ ಸುಮಾರು 14 ಗ್ರಾಂನಿಂದ 55ಕ್ಕೆ ಏರಿತು, ಹಳ್ಳಿಯವರದು 66ರಿಂದ 12ಕ್ಕೆ ಇಳಿಯಿತು. ಕೊಬ್ಬು, ಮಾಂಸವೂ ಅದಲುಬದಲು. ಎರಡೇ ವಾರದಲ್ಲಿ ಅಮೆರಿಕದವರ ಕರುಳಿನ ಉರಿಯೂತ ಇಳಿಯಿತು, ಹಳ್ಳಿಯವರದು ಏರಿತು. ಕರುಳಿನ ಬ್ಯಾಕ್ಟೀರಿಯಾಗಳು ನಾರನ್ನು ಕೊಳೆಸಿದಾಗ ಬ್ಯುಟಿರೇಟ್ ಎಂಬ ಆಮ್ಲ ಹುಟ್ಟುತ್ತದೆ, ಕರುಳಿನ ಗೋಡೆಯ ಕೋಶಗಳಿಗೆ ಅದೇ ಆಹಾರ. ಊಟ ಬದಲಾದಂತೆ ಅದರ ಪ್ರಮಾಣವೂ ಬದಲಾಯಿತು. ಬರ್ಕಿಟ್ ನಾರನ್ನು ಪೊರಕೆಯಂತೆ ಕಂಡಿದ್ದರು. ಅದು ಬ್ಯಾಕ್ಟೀರಿಯಾಗಳಿಗೆ ಮೇವೂ ಹೌದು ಎಂದು ಸ್ಪಷ್ಟವಾದದ್ದು ಆಮೇಲೆ. ನೆನಪಿರಲಿ, ಈ ಪ್ರಯೋಗದಲ್ಲಿ ನೋಡಿದ್ದು ಅಪಾಯದ ಸೂಚಕಗಳನ್ನು. ಎರಡು ವಾರದಲ್ಲಿ ಯಾರಿಗೂ ಕ್ಯಾನ್ಸರ್ ಬರುವುದೂ ಇಲ್ಲ, ತಪ್ಪುವುದೂ ಇಲ್ಲ.

ನಾರಿನ ಜೊತೆಗೆ ಬೇರೆ ಅಂಶಗಳೂ ಗಟ್ಟಿಯಾಗಿ ನಿಂತಿವೆ. ಮದ್ಯ, ಸಿಗರೇಟು, ಬೊಜ್ಜು, ಕೂತೇ ಇರುವ ಬದುಕು ಅಪಾಯವನ್ನು ಏರಿಸುತ್ತವೆ. ಸಾಸೇಜ್, ಬೇಕನ್‌ನಂಥ ಸಂಸ್ಕರಿಸಿದ ಮಾಂಸ ಕರುಳಿನ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಹೇಳಿದೆ.

ಆಸ್ಪಿರಿನ್ ಬಂದದ್ದು ಎಲ್ಲಿಂದ?

ಬರ್ಕಿಟ್ ವೃದ್ಧಾಪ್ಯದಲ್ಲಿದ್ದಾಗ ಕರುಳಿನ ಕ್ಯಾನ್ಸರ್ ವಿಚಾರಕ್ಕೆ ಹೊಸ ಅತಿಥಿ ಬಂತು. 1988ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಗೇಬ್ರಿಯಲ್ ಕ್ಯೂನ್ ತಂಡ ಕರುಳಿನ ಕ್ಯಾನ್ಸರ್ ರೋಗಿಗಳನ್ನೂ ಆರೋಗ್ಯವಂತರನ್ನೂ ಹೋಲಿಸಿದಾಗ, ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದವರಲ್ಲಿ ಈ ಕ್ಯಾನ್ಸರ್ ಕಡಿಮೆ ಎಂದು ಕಂಡಿತು. 1991ರಲ್ಲಿ ಅಮೆರಿಕದ ಆರು ಲಕ್ಷಕ್ಕೂ ಹೆಚ್ಚು ಜನರ ಅಧ್ಯಯನದಲ್ಲಿ, ತಿಂಗಳಿಗೆ 16 ಸಲಕ್ಕಿಂತ ಕಡಿಮೆಯಿಲ್ಲದೆ ಆಸ್ಪಿರಿನ್ ನುಂಗುತ್ತಿದ್ದವರಲ್ಲಿ ಕರುಳಿನ ಕ್ಯಾನ್ಸರ್ ಸಾವು ಸುಮಾರು ಶೇ. 40 ಕಡಿಮೆ ಇತ್ತು. ಆಸ್ಪಿರಿನ್ ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನು ತಡೆಯುತ್ತದೆ, ರಕ್ತದ ಪ್ಲೇಟ್‌ಲೆಟ್‌ಗಳನ್ನು ಮಂಕು ಮಾಡುತ್ತದೆ. ಈ ಎರಡೂ ಗಂಟು ಕ್ಯಾನ್ಸರ್ ಆಗುವುದಕ್ಕೆ ಅಡ್ಡಿಯಾಗಬಹುದು. ಆದರೆ ಇವೂ ನಕ್ಷೆಯಂಥ ಸುಳಿವುಗಳೇ. ಮಾತ್ರೆ ನುಂಗುವವರು ಬೇರೆ ರೀತಿಯಲ್ಲೂ ಭಿನ್ನವಾಗಿರಬಹುದಲ್ಲ?

1993ರ ಮಾರ್ಚ್ 23ರಂದು, 82ನೇ ವಯಸ್ಸಿನಲ್ಲಿ, ಮೆದುಳಿನ ಪಾರ್ಶ್ವವಾಯುವಿನಿಂದ ಬರ್ಕಿಟ್ ತೀರಿಕೊಂಡರು. ಆಸ್ಪಿರಿನ್‌ಗೂ ನಾರಿನ ಒಂದು ಬಗೆಗೂ ಒಟ್ಟಿಗೆ ಪರೀಕ್ಷೆ ನಡೆದದ್ದು ಆಮೇಲೆ. ಲಿಂಚ್ ಸಿಂಡ್ರೋಮ್ ಎಂಬ ಆನುವಂಶಿಕ ತೊಂದರೆ ಇರುವವರಿಗೆ ಚಿಕ್ಕ ವಯಸ್ಸಿನಲ್ಲೇ ಕರುಳು, ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಬಹಳ ಹೆಚ್ಚು. ಬ್ರಿಟನ್ನಿನ ಜಾನ್ ಬರ್ನ್ ನೇತೃತ್ವದಲ್ಲಿ ಹಲವು ದೇಶಗಳ ಇಂಥವರಲ್ಲಿ ಕೆಲವರಿಗೆ ದಿನಕ್ಕೆ 600 ಮಿಲಿಗ್ರಾಂ ಆಸ್ಪಿರಿನ್, ಕೆಲವರಿಗೆ ನೋಡಲು ಹಾಗೇ ಇರುವ ಖಾಲಿ ಮಾತ್ರೆ ಕೊಟ್ಟರು. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದಂತೆ. ಸರಾಸರಿ ಎರಡು ವರ್ಷ ಮಾತ್ರೆ, ನಂತರ ಹತ್ತು ವರ್ಷದವರೆಗೆ, ಕೆಲವರಲ್ಲಿ ಅದಕ್ಕೂ ಹೆಚ್ಚು ಕಾಲ ಗಮನಿಸಿದರು. ಆಸ್ಪಿರಿನ್ ತೆಗೆದುಕೊಂಡ 427 ಮಂದಿಯಲ್ಲಿ 40 ಮಂದಿಗೆ, ಖಾಲಿ ಮಾತ್ರೆಯ 434ರಲ್ಲಿ 58 ಮಂದಿಗೆ ಕರುಳಿನ ಕ್ಯಾನ್ಸರ್ ಬಂತು. ಅಂದರೆ ನೂರಕ್ಕೆ 13 ಇದ್ದದ್ದು 9ಕ್ಕೆ ಇಳಿಯಿತು. ಇದು ನಿಜವಾದ ಲಾಭ. 2020ರಿಂದ ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಯಲ್ಲೇ ಲಿಂಚ್ ಸಿಂಡ್ರೋಮ್ ಇರುವವರಿಗೆ ಆಸ್ಪಿರಿನ್ ಸಲಹೆ ಇದೆ. ಆದರೂ ಆ 40 ಮಂದಿಯನ್ನು ಮರೆಯಬೇಡಿ, ಅವರೂ ಮಾತ್ರೆ ತೆಗೆದುಕೊಂಡವರೇ.

ಇದೇ ಸುದ್ದಿಯನ್ನು ಎಲ್ಲರಿಗೂ ಹಚ್ಚಿದರೆ ಏನಾಗುತ್ತದೆ? ಆಸ್ಟ್ರೇಲಿಯಾ ಮತ್ತು ಅಮೆರಿಕದ 19,114 ಆರೋಗ್ಯವಂತ ಹಿರಿಯರಿಗೆ, ಹೆಚ್ಚಿನವರು 70 ದಾಟಿದವರು, ದಿನಕ್ಕೆ 100 ಮಿಲಿಗ್ರಾಂ ಆಸ್ಪಿರಿನ್ ಅಥವಾ ಖಾಲಿ ಮಾತ್ರೆ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ಆಯಸ್ಸು ಹೆಚ್ಚಲಿಲ್ಲ, ಕ್ಯಾನ್ಸರ್ ಸಾವು ಕಡಿಮೆಯಾಗಲಿಲ್ಲ. ಬದಲಿಗೆ ಆಸ್ಪಿರಿನ್ ಗುಂಪಿನಲ್ಲೇ ಅದು ತುಸು ಹೆಚ್ಚಿತ್ತು, ಗಂಭೀರ ರಕ್ತಸ್ರಾವವೂ ಹೆಚ್ಚಾಯಿತು. ಅಮೆರಿಕದ ತಜ್ಞರ ಸಮಿತಿ 2016ರಲ್ಲಿ ಐವತ್ತರ ಹರೆಯದ ಕೆಲವರಿಗೆ ಹೃದಯ ಮತ್ತು ಕರುಳು ಎರಡರ ಸಲುವಾಗಿ ಆಸ್ಪಿರಿನ್ ಹೇಳಿತ್ತು. 2022ರಲ್ಲಿ ಕರುಳಿನ ಕ್ಯಾನ್ಸರ್ ತಡೆಯುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದು ಆ ಮಾತನ್ನು ಕೈಬಿಟ್ಟಿತು. ಹಳೆಯ ಫಾರ್ವರ್ಡ್‌ಗಳಿಗೆ ಈ ಬದಲಾವಣೆ ಗೊತ್ತಿರುವುದಿಲ್ಲ.

ಆದ್ದರಿಂದ ಮೆಸೇಜ್ ನೋಡಿ ಮೆಡಿಕಲ್ ಶಾಪಿನಲ್ಲಿ ಇಕೋಸ್ಪ್ರಿನ್ ಕೇಳಬೇಡಿ. ಹೊಟ್ಟೆಯ ಹುಣ್ಣು ಇರುವವರಿಗೆ, ರಕ್ತ ತೆಳುವಾಗಿಸುವ ಬೇರೆ ಔಷಧ ತೆಗೆದುಕೊಳ್ಳುವವರಿಗೆ ಅಪಾಯ ಇನ್ನೂ ಹೆಚ್ಚು. ಡೆಂಗೆ ಇರಬಹುದು ಎನ್ನುವ ಜ್ವರದಲ್ಲಿ ಆಸ್ಪಿರಿನ್ ಬೇಡವೇ ಬೇಡ, ಜ್ವರ ಬಂದ ಮಕ್ಕಳಿಗೂ ಬೇಡ. ಹಾಗೆಯೇ ಹೃದಯಾಘಾತ ಆದವರು, ಸ್ಟೆಂಟ್ ಹಾಕಿಸಿಕೊಂಡವರು ಡಾಕ್ಟರ್ ಬರೆದುಕೊಟ್ಟ ಆಸ್ಪಿರಿನ್ ಅನ್ನು ಈ ಲೇಖನ ಓದಿ ನಿಲ್ಲಿಸಬೇಡಿ, ಅವರ ಲೆಕ್ಕ ಬೇರೆ. ಮನೆಯಲ್ಲಿ ಹತ್ತಿರದ ಸಂಬಂಧಿಕರಿಗೆ ಐವತ್ತರ ಒಳಗೆ ಕರುಳು ಅಥವಾ ಗರ್ಭಕೋಶದ ಕ್ಯಾನ್ಸರ್ ಬಂದಿದ್ದರೆ ಅದನ್ನು ಡಾಕ್ಟರ್‌ಗೆ ತಿಳಿಸಿ, ಲಿಂಚ್ ಸಿಂಡ್ರೋಮ್ ಪರೀಕ್ಷೆ ಬೇಕೇ ಎಂದು ಕೇಳಿ.

ನಾರಿನ ಫಾರ್ವರ್ಡ್‌ನ ಅಪಾಯ ಬೇರೆ ಥರದ್ದು. ಮುದ್ದೆ, ಸೊಪ್ಪು ತಿಂದರೆ ನಷ್ಟವೇನೂ ಇಲ್ಲ. ಆದರೆ ನಾನು ರಾಗಿ ತಿನ್ನುವವನು, ನನಗೇನಾಗುತ್ತದೆ ಎಂದು ಮಲದಲ್ಲಿ ಕಂಡ ರಕ್ತವನ್ನು ಮೂಲವ್ಯಾಧಿ ಎಂದುಕೊಂಡು ತಿಂಗಳುಗಟ್ಟಲೆ ಲೇಪ ಹಚ್ಚಿಕೊಂಡು ಕೂತರೆ ಚಿಕಿತ್ಸೆಯ ಸಮಯ ಕೈತಪ್ಪುತ್ತದೆ. ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾದ ಮಲವಿಸರ್ಜನೆಯ ಕ್ರಮ, ಕಾರಣವಿಲ್ಲದೆ ಇಳಿಯುವ ತೂಕ, ರಕ್ತಹೀನತೆ ಕಂಡರೆ ಯಾವ ಊಟದವರೇ ಆಗಲಿ ಪರೀಕ್ಷೆ ಮಾಡಿಸಬೇಕು.

ಇನ್ನು ಜಾನ್ ಬರ್ನ್ ಪ್ರಯೋಗದ ಉಳಿದರ್ಧ. ಅದರಲ್ಲಿ ಕೆಲವರಿಗೆ ದಿನಕ್ಕೆ 30 ಗ್ರಾಂ ಜೀರ್ಣವಾಗದ ಪಿಷ್ಟದ ಪುಡಿ ಕೊಟ್ಟಿದ್ದರು. ಬಾಳೆಕಾಯಿಯಲ್ಲಿ, ಬೇಯಿಸಿ ಆರಿದ ಧಾನ್ಯಗಳಲ್ಲಿ ಇರುವಂಥ ಈ ಪಿಷ್ಟ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ನಾರಿನಂತೆಯೇ ದೊಡ್ಡ ಕರುಳನ್ನು ತಲುಪುತ್ತದೆ. 2022ರಲ್ಲಿ ಅದರ ದೀರ್ಘಕಾಲದ ಫಲಿತಾಂಶ ಬಂತು. ಪಿಷ್ಟ ತಿಂದ 463 ಮಂದಿಯಲ್ಲಿ 52, ಖಾಲಿ ಪುಡಿಯ 455ರಲ್ಲಿ 53: ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ವ್ಯತ್ಯಾಸವೇ ಇಲ್ಲ. ಆದರೆ ಲಿಂಚ್ ಕುಟುಂಬಗಳಲ್ಲಿ ಬರುವ ಇತರ ಕ್ಯಾನ್ಸರ್‌ಗಳು ಪಿಷ್ಟದ ಗುಂಪಿನಲ್ಲಿ 27, ಇನ್ನೊಂದರಲ್ಲಿ 48. ಇಳಿಕೆ ಹೆಚ್ಚು ಕಂಡದ್ದು ಜಠರ, ಸಣ್ಣ ಕರುಳಿನ ಮೊದಲ ಭಾಗ, ಮೇದೋಜೀರಕ ಗ್ರಂಥಿ, ಪಿತ್ತನಾಳದಂಥ ಜಾಗಗಳಲ್ಲಿ. ದೊಡ್ಡ ಕರುಳಿನಲ್ಲಿ ಹುಡುಕಿದ ಲಾಭ ಅಲ್ಲಿ ಹೇಗೆ ಕಂಡಿತು? ಬ್ಯಾಕ್ಟೀರಿಯಾಗಳು ಪಿತ್ತರಸದ ಆಮ್ಲಗಳನ್ನು ಬದಲಿಸುವ ರೀತಿಯಲ್ಲಿ ಉತ್ತರವಿರಬಹುದು ಎಂದು ಸಂಶೋಧಕರು ಊಹಿಸಿದ್ದಾರೆ.